ಹಿತ್ತಲಿಗೆ ಬಂದ ಆಮೆ ಯಾವುದು? ನಿಲಾಯ್‌ನಿಂದ ಬಂದ ನಾಲ್ಕು ಫೋಟೋಗಳು

(ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಟ್ಸಾಪ್ ಸಂದೇಶದಿಂದ. ಕಳಿಸಿದವರು ನಮ್ಮ ಕೇಳುಗರೊಬ್ಬರು. ಊರು ಹಾಸನದ ಕಡೆ, ಈಗ ಇರುವುದು ಮಲೇಷ್ಯಾದ ನಿಲಾಯ್‌ನಲ್ಲಿ. ನಿಲಾಯ್ ಅಂದರೆ ನೆಗೆರಿ ಸೆಂಬಿಲಾನ್ ರಾಜ್ಯದ ಊರು, ಕ್ವಾಲಾಲಂಪುರದಿಂದ ದಕ್ಷಿಣಕ್ಕೆ. ಅಲ್ಲಿನ ದೊಡ್ಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಸುತ್ತಮುತ್ತ ತಾಳೆ ಎಣ್ಣೆಯ ತೋಟಗಳು, ಅವುಗಳ ನಡುವೆ ಒಂದೊಂದೇ ಎದ್ದು ನಿಂತ ಬಡಾವಣೆಗಳು. ಅಲ್ಲಿ ಬಡಾವಣೆಗೆ ‘ತಮನ್’ ಅಂತಾರೆ, ಆ ಪದದ ಮೂಲ ಅರ್ಥ ತೋಟ ಅಂತಲೇ.

ಸಂದೇಶ ಹೀಗಿತ್ತು: “ಮೇಡಂ, ನಿನ್ನೆ ಸಂಜೆ ಜೋರು ಮಳೆ ಆದಮೇಲೆ ಹಿತ್ತಲಲ್ಲಿ ಮಜ್ಜಿಗೆ ಹುಲ್ಲಿನ ಗಿಡದ ಬುಡದಲ್ಲಿ ಒಂದು ಆಮೆ ಸಿಕ್ಕಿದೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಏಷ್ಯಾದ ಕಂದು ನೆಲ ಆಮೆ ಅಂತ ಬರ್ತಿದೆ. ಹೌದಾ? ಏನು ಮಾಡಬೇಕು?” ಜೊತೆಗೆ ಒಂದು ಫೋಟೋ. ಮೇಲಿನಿಂದ ತೆಗೆದದ್ದು. ಕಪ್ಪು ಗುಮ್ಮಟದ ಹಾಗಿರುವ ಬೆನ್ನು, ಪಕ್ಕದಲ್ಲಿ ಮಗನ ಸ್ಕೂಲ್ ಸ್ಕೇಲು. ಸುಮಾರು ಹದಿನೆಂಟು ಸೆಂಟಿಮೀಟರ್ ಉದ್ದ. ಸ್ಕೇಲ್ ಇಟ್ಟಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ನಮಗೆ ಬರುವ ನೂರು ಫೋಟೋಗಳಲ್ಲಿ ತೊಂಬತ್ತಕ್ಕೆ ಅಳತೆಯೇ ಇರುವುದಿಲ್ಲ.

ಆದರೆ ಆ ಒಂದು ಫೋಟೋದಿಂದ ನಾನು ಉತ್ತರ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅನ್ನುವುದನ್ನು ಮೊದಲು ಹೇಳಿಬಿಡ್ತೀನಿ.

ಪಿಎಚ್‌ಡಿಯ ಎರಡನೇ ವರ್ಷ. ಮೈಸೂರಿನ ಹೊರವಲಯದ ಪರಿಚಯದವರೊಬ್ಬರು ಫೋನ್ ಮಾಡಿದರು. ಕಾಂಪೌಂಡ್ ಒಳಗೆ ಆಮೆ ಬಂದಿದೆ, ಏನು ಮಾಡೋಣ ಅಂತ. ನಾನು ಯಾವುದೋ ಅವಸರದಲ್ಲಿದ್ದೆ. “ಆಮೆ ಅಲ್ವಾ, ಹತ್ತಿರದ ಕೆರೆಗೆ ಬಿಟ್ಟುಬಿಡಿ” ಅಂದೆ. ಅವರು ಪಾಪ, ಶ್ರದ್ಧೆಯಿಂದ ಕೆರೆಯ ಆಳದ ಕಡೆಗೇ ಬಿಟ್ಟರು. ಎರಡು ದಿನ ಬಿಟ್ಟು ಅದು ಸತ್ತು ತೇಲುತ್ತಿದ್ದುದರ ಫೋಟೋ ಬಂತು. ಬೆನ್ನ ಮೇಲೆ ಹಳದಿ ನಕ್ಷತ್ರಗಳು. ನಕ್ಷತ್ರ ಆಮೆ. ಒಣ ಕುರುಚಲು ಕಾಡಿನ, ನೆಲದ ಮೇಲೆ ಮಾತ್ರ ಬದುಕುವ ಪ್ರಾಣಿ. ಅದಕ್ಕೆ ಈಜಲು ಬರುವುದಿಲ್ಲ. ನೀರಿಗೆ ಹಾಕಿಸಿದ್ದು ನಾನು, ಅದೂ ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು. ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: “ಅದರ ಕಾಲು ಹೇಗಿದೆ?”

ಅದಕ್ಕೇ ನಿಲಾಯ್‌ನವರಿಗೆ ನಾನು ಕಳಿಸಿದ ಮೊದಲ ಪ್ರಶ್ನೆ ಅದು. ಹಿಂಗಾಲಿನ ಫೋಟೋ ಬೇಕು ಅಂದೆ.

ಇಲ್ಲಿ ನಮ್ಮ ಭಾಷೆಯ ವಿಷಯ ಸ್ವಲ್ಪ ಮಾತಾಡಬೇಕು. ಕನ್ನಡದಲ್ಲಿ ನಾವು ಎಲ್ಲದಕ್ಕೂ ಆಮೆ ಅಂತೀವಿ. ಬೇಕಾದರೆ ಮುಂದೆ ಒಂದು ಪದ ಸೇರಿಸ್ತೀವಿ, ಕಡಲಾಮೆ, ನಕ್ಷತ್ರ ಆಮೆ, ಹೀಗೆ. ಮಲಯ್ ಭಾಷೆಯಲ್ಲಿ ಹಾಗಲ್ಲ. ಕಡಲಿನದ್ದು ‘ಪೆನ್ಯು’. ಮೆತ್ತನೆ ಚಿಪ್ಪಿನದ್ದು ‘ಲಾಬಿ-ಲಾಬಿ’. ನದಿಯ ದೊಡ್ಡ ಆಮೆ ‘ತುಂತುಂಗ್’. ನೆಲದ್ದು ‘ಬಾನಿಂಗ್’. ಉಳಿದ ಸಾಮಾನ್ಯ ಆಮೆ ‘ಕುರಾ-ಕುರಾ’. ಒಂದೊಂದು ಬಗೆಯ ಆಮೆಯ ಜೊತೆ ದಿನನಿತ್ಯ ಬದುಕಿದವರ ಪದಗಳು ಇವು. ನಮ್ಮಲ್ಲಿ ಪದ ಒಂದೇ ಆಗಿರುವುದರಿಂದ ತಲೆಯಲ್ಲಿ ಚಿತ್ರವೂ ಒಂದೇ ಕೂತಿದೆ: ಆಮೆ, ಅಂದರೆ ನೀರು. ದೇವಸ್ಥಾನದ ಕಲ್ಯಾಣಿ, ಊರ ಕೆರೆ, ಮನೆ ಬಾವಿ. ಮೈಸೂರಿನ ಆ ಆಮೆ ಸತ್ತಿದ್ದು ಈ ಚಿತ್ರದಿಂದ.

ವಿಜ್ಞಾನದ ಲೆಕ್ಕದಲ್ಲಿ ನೆಲದ ಆಮೆಗಳದ್ದು ಒಂದು ಪ್ರತ್ಯೇಕ ಕುಟುಂಬ, ಟೆಸ್ಟುಡಿನಿಡೇ. ಈ ಕುಟುಂಬದವುಗಳ ಹಿಂಗಾಲು ಆನೆಯ ಕಾಲಿನ ಹಾಗೆ. ಕಂಬದಂತೆ ದುಂಡಗೆ, ಕೆಳಗೆ ಮೊಂಡು ಉಗುರು, ಬೆರಳುಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ. ನೀರಿನ ಜೊತೆ ಸಂಬಂಧ ಇಟ್ಟುಕೊಂಡಿರುವ ಆಮೆಗಳಲ್ಲಿ ಪಾದ ಚಪ್ಪಟೆ, ಬೆರಳು ಎಣಿಸಬಹುದು, ಬೆರಳ ನಡುವೆ ಬಾತುಕೋಳಿಗೆ ಇರುವಂತೆ ಚರ್ಮದ ಪೊರೆ. ಪೊರೆ ಕೆಲವಲ್ಲಿ ಪೂರ್ತಿ ಇರುತ್ತದೆ, ಕೆಲವಲ್ಲಿ ಅರೆಬರೆ. ಬೆನ್ನಿನ ಆಕಾರ, ಬಣ್ಣ, ಎಲ್ಲಿ ಸಿಕ್ಕಿತು ಅನ್ನುವುದು, ಇವೆಲ್ಲ ಮೋಸ ಮಾಡಬಹುದು. ಕಾಲು ಮೋಸ ಮಾಡುವುದು ಕಡಿಮೆ.

ಎರಡನೇ ಫೋಟೋ ಬಂತು. ಕಾಲು ಸಣ್ಣದು. ಬೆರಳುಗಳು ಬೇರೆ ಬೇರೆ ಕಾಣುತ್ತಿವೆ, ಉಗುರು ಚೂಪಾಗಿವೆ, ನಡುವೆ ತುಸು ಪೊರೆ. ಹಾಗಾಗಿ ಇದು ಕಂದು ನೆಲ ಆಮೆ ಅಲ್ಲ. ಯಾವ ನೆಲದ ಆಮೆಯೂ ಅಲ್ಲ.

ಆದರೂ ಆ ಕಂದು ಆಮೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಮನೌರಿಯಾ ಎಮಿಸ್ ಅದರ ವೈಜ್ಞಾನಿಕ ಹೆಸರು. ಏಷ್ಯಾ ಖಂಡದ ಅತಿ ದೊಡ್ಡ ನೆಲದ ಆಮೆ, ಅರ್ಧ ಮೀಟರ್ ತನಕ ಬೆಳೆಯುತ್ತದೆ. ಹಿಂತೊಡೆಗಳ ಮೇಲೆ ಎಷ್ಟು ದೊಡ್ಡ ಮುಳ್ಳಿನಂಥ ಹುರುಪೆಗಳಿವೆ ಅಂದರೆ, ಅವನ್ನೂ ಕಾಲು ಅಂದುಕೊಂಡು ಜನ ಅದನ್ನು ಆರು ಕಾಲಿನ ಆಮೆ ಅಂತ ಕರೆದರು. ಹೆಣ್ಣು ಒಣಗಿದ ಎಲೆಗಳನ್ನು ಗುಡ್ಡೆ ಹಾಕಿ, ಅದರೊಳಗೆ ಮೊಟ್ಟೆ ಇಟ್ಟು, ಕೆಲವು ದಿನ ಗೂಡು ಕಾಯುತ್ತದೆ. ಆಮೆಗಳ ಲೋಕದಲ್ಲಿ ಇದು ಬಹಳ ಅಪರೂಪ. ಅದು ಬೆಟ್ಟದ ತೇವದ ಕಾಡಿನ ಪ್ರಾಣಿ, ಈಗ ತೀವ್ರ ಅಪಾಯದಲ್ಲಿರುವ ಪಟ್ಟಿಯಲ್ಲಿದೆ. ಮಲೇಷ್ಯಾ ಪರ್ಯಾಯ ದ್ವೀಪದಲ್ಲಿ ಇದರ ಜೊತೆ ಇನ್ನೆರಡೇ ನೆಲದ ಆಮೆಗಳು ಸಹಜವಾಗಿ ಇವೆ. ಒಂದು ಬೆಟ್ಟದ ಮೇಲಿರುವ, ಹೆಚ್ಚಾಗಿ ಅಣಬೆ ತಿನ್ನುವ ಮನೌರಿಯಾ ಇಂಪ್ರೆಸ್ಸಾ. ಇನ್ನೊಂದು ಉತ್ತರದ ಕಡೆಯ ಹಳದಿ ತಲೆಯ ಉದ್ದಾಮೆ. ಈ ಎರಡನೆಯದರ ಹತ್ತಿರದ ನೆಂಟ ನಮ್ಮ ಪಶ್ಚಿಮ ಘಟ್ಟದಲ್ಲಿದೆ, ತಿರುವಾಂಕೂರು ಆಮೆ ಅಂತ.

ಸರಿ, ವಾಪಸ್ ಹಿತ್ತಲಿಗೆ. ಈ ಹೊತ್ತಿಗೆ ಫೋನಿನಲ್ಲಿ ಮಾತಾಡಿದೆವು. ಆಗ ಗೊತ್ತಾದ ಸಂಗತಿ: ನೆಲದ ಆಮೆ ಅಂತ ಇಂಟರ್‌ನೆಟ್ ಹೇಳಿದ್ದರಿಂದ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಒಣ ಹುಲ್ಲು ಹಾಕಿ ಇಟ್ಟಿದ್ದಾರೆ, ನೀರು ಇಟ್ಟಿಲ್ಲ. ಊರಿಂದ ಬಂದಿರುವ ಅತ್ತೆ ಚಿಪ್ಪಿಗೆ ಅರಿಶಿನ ಕುಂಕುಮ ಹಚ್ಚಿದ್ದಾರೆ. “ಕೂರ್ಮ ತಾನಾಗೇ ಮನೆಗೆ ಬಂದಿದೆ, ಕಳಿಸಬಾರದು ಅಂತ ಅತ್ತೆ. ಭಾನುವಾರ ದೂರದ ಬೆಟ್ಟದ ಕಾಡಿಗೆ ಬಿಟ್ಟು ಬರೋಣ ಅಂತ ನಮ್ಮನೆಯವರು. ಪಕ್ಕದ ಕೆರೆಗೆ ಹಾಕು ಅಂತ ಇನ್ನೊಬ್ಬರು. ನಾನು ಯಾರ ಮಾತು ಕೇಳಲಿ ಮೇಡಂ?” ಅಂದರು.

“ಮೊದಲು ಅದರ ಮಾತು ಕೇಳೋಣ” ಅಂದೆ. “ಒಂದು ಅಗಲ ತಟ್ಟೆಯಲ್ಲಿ ಎರಡು ಬೆರಳು ಆಳ ನೀರು ಇಡಿ, ಬಣ್ಣವನ್ನು ಬರೀ ನೀರಲ್ಲಿ ಒರೆಸಿ. ಮುಖದ ಫೋಟೋ ಒಂದು, ಹೊಟ್ಟೆಯದ್ದು ಒಂದು ಬೇಕು.”

ಹೊಟ್ಟೆಯ ಫೋಟೋ ತೆಗೆಯುವುದು ಹೇಗೆ ಅಂತ ನೀವೂ ತಿಳಿದಿರಬೇಕು. ಎರಡೂ ಕೈಯಲ್ಲಿ ಚಿಪ್ಪಿನ ಎರಡು ಪಕ್ಕ ಹಿಡಿದು, ನೆಲದಿಂದ ಒಂದು ಗೇಣಿಗಿಂತ ಮೇಲೆ ಎತ್ತದೆ, ನಿಧಾನವಾಗಿ ಓರೆ ಮಾಡಿ, ಒಂದು ಕ್ಲಿಕ್, ಮತ್ತೆ ನೆಲಕ್ಕೆ. ಬುಗುರಿಯ ಹಾಗೆ ಅಂಗಾತ ಬಿಡಬಾರದು. ಹೆದರಿದ ಆಮೆ ಉಚ್ಚೆ ಹೊಯ್ಯುತ್ತದೆ. ನಾವು ಮುಖ ಸಿಂಡರಿಸುತ್ತೇವೆ, ಆದರೆ ಒಣ ಸೀಮೆಯ ಆಮೆಗಳಿಗೆ ಆ ಮೂತ್ರಕೋಶವೇ ನೀರಿನ ತೊಟ್ಟಿ. ಬೇಸಿಗೆಯಲ್ಲಿ ಅದನ್ನು ಖಾಲಿ ಮಾಡಿಸಿದರೆ ಅದರ ಕುಡಿಯುವ ನೀರನ್ನು ಚೆಲ್ಲಿದ ಹಾಗೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಮುಖ್ಯ.

ಮೂರನೇ ಫೋಟೋ, ಮುಖ. ಕಪ್ಪು ತಲೆ, ಪಕ್ಕದಲ್ಲಿ ಮೂರು ಹಳದಿ ಗೆರೆಗಳು, ಒಂದು ಕಣ್ಣಿನ ಮೇಲಿಂದ ಹಿಂದಕ್ಕೆ, ಉಳಿದವು ಕೆಳಗೆ. ಯಾರೋ ಹಳದಿ ಬಣ್ಣದಲ್ಲಿ ಕುಂಚ ಎಳೆದಷ್ಟು ಸ್ಪಷ್ಟ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇದ್ದಿದ್ದರೆ ಅದು ಅಮೆರಿಕ ಮೂಲದ ಕೆಂಪು ಕಿವಿಯ ಸ್ಲೈಡರ್. ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟು ಮರಿಯಾಗಿ ಮಾರಾಟವಾಗಿ, ತಟ್ಟೆಯಷ್ಟು ಬೆಳೆದಾಗ ಜನ ಕೆರೆಗೆ ಎಸೆಯುವ ಆಮೆ ಅದು. ಬೆಂಗಳೂರಿನ ಕೆರೆಗಳಲ್ಲೂ ಇದೆ, ಮಲೇಷ್ಯಾದಲ್ಲೂ ಇದೆ. ಇದು ಅದಲ್ಲ.

ನಾಲ್ಕನೇ ಫೋಟೋ ತೆಗೆಯಲು ಹೋದಾಗ ಆಮೆ ತಾನೇ ಉತ್ತರ ಕೊಟ್ಟುಬಿಟ್ಟಿತು. “ಮೇಡಂ, ಮುಟ್ಟಿದ ತಕ್ಷಣ ಡಬ್ಬಿ ಮುಚ್ಚಳ ಹಾಕಿದ ಹಾಗೆ ಮುಚ್ಚಿಕೊಂಡಿತು! ತಲೆ, ಕಾಲು, ಬಾಲ ಏನೂ ಕಾಣ್ತಿಲ್ಲ.” ಅಷ್ಟೇ ಸಾಕು. ಹೊಟ್ಟೆಯ ಕಡೆಯ ಚಿಪ್ಪು ಒಂದೇ ಹಲಗೆಯಲ್ಲ, ನಡುವೆ ಅಡ್ಡಲಾಗಿ ಬಾಗಿಲ ಬಿಜಾಗರಿಯಂಥ ಕೀಲು ಇದೆ. ಮುಂದಿನ ಭಾಗ ಮೇಲಕ್ಕೆ ಮಡಚುತ್ತದೆ, ಹಿಂದಿನದೂ ಮಡಚುತ್ತದೆ. ಕುವೋರಾ ಅಂಬೋಯಿನೆನ್ಸಿಸ್. ಆಗ್ನೇಯ ಏಷ್ಯಾದ ಪೆಟ್ಟಿಗೆ ಆಮೆ.

ಇಲ್ಲಿ ಒಂದು ತಮಾಷೆ. ಫೋನ್ ಇಡುವ ಮುನ್ನ ಪಕ್ಕದ ಮನೆಯ ಮಲಯ್ ಹೆಂಗಸು, ಅವರನ್ನು ಇವರೆಲ್ಲ ‘ಮಕ್ ಚಿಕ್’ ಅಂತಾರೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ, ಬೇಲಿಯಾಚೆಯಿಂದ ಇಣುಕಿ ನೋಡಿ “ಓ, ಕುರಾ-ಕುರಾ ಕಾತುಪ್” ಅಂದರಂತೆ. ಕಾತುಪ್ ಅಂದರೆ ಮುಚ್ಚುವುದು. ಮುಚ್ಚುವ ಆಮೆ. ನಾಲ್ಕು ಫೋಟೋ, ಒಂದು ಡಾಕ್ಟರೇಟ್, ಮುಕ್ಕಾಲು ಗಂಟೆ ಫೋನು, ಇಷ್ಟೆಲ್ಲ ಖರ್ಚು ಮಾಡಿ ನಾನು ತಲುಪಿದ ಜಾಗದಲ್ಲಿ ಅವರು ಮೊದಲೇ ಕೂತಿದ್ದರು.

ಇನ್ನು ಗುರುತಿಸುವ ಕೆಲಸದಲ್ಲಿ ‘ಇದು ಹೌದು’ ಅನ್ನುವಷ್ಟೇ ಮುಖ್ಯ ‘ಇದು ಯಾವುದಲ್ಲ’ ಅನ್ನುವುದು. ನಿಲಾಯ್ ಸುತ್ತ ಇದನ್ನು ಹೋಲುವ ಯಾವ ಆಮೆ ಸಿಗಬಹುದು? ಕಪ್ಪು ಜೌಗು ಆಮೆ ಇದೆ. ಅದೂ ಕಪ್ಪೇ, ಆದರೆ ತಲೆಯಲ್ಲಿ ಗೆರೆ ಇಲ್ಲ, ಮಸುಕಾದ ಮಚ್ಚೆ ಮಾತ್ರ, ಹೊಟ್ಟೆಯಲ್ಲಿ ಕೀಲು ಇಲ್ಲ. ಮಲಯದ ಚಪ್ಪಟೆ ಆಮೆಯ ಬೆನ್ನಿನ ನಡುಸಾಲಿನ ಫಲಕಗಳನ್ನು ಎಣಿಸಿದರೆ ಸಾಕು. ಸಾಮಾನ್ಯವಾಗಿ ಆಮೆಗಳಲ್ಲಿ ಐದು, ಇದರಲ್ಲಿ ಆರು ಅಥವಾ ಏಳು. ಎಲೆ ಆಮೆಗೆ ಕೀಲು ಇರುತ್ತದೆ, ಆದರೆ ಪೂರ್ತಿ ಮುಚ್ಚಿಕೊಳ್ಳಲು ಆಗದು, ಚಿಪ್ಪಿನ ಹಿಂದಿನ ಅಂಚು ಗರಗಸದಂತೆ. ಮುಳ್ಳಾಮೆ ಅಂತ ಒಂದಿದೆ, ಮರಿಯಾಗಿದ್ದಾಗ ಸೈಕಲ್ಲಿನ ಹಲ್ಲುಚಕ್ರದ ಹಾಗೆ ಸುತ್ತಲೂ ಮುಳ್ಳು.

ಈ ಮುಳ್ಳಾಮೆಯ ಹೆಸರು ಬಂದಾಗಲೆಲ್ಲ ನನಗೆ ಜೆ. ವಿಜಯಾ ನೆನಪಾಗುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಬೆತ್ತದ ಆಮೆಯನ್ನು 1912ರಲ್ಲಿ ಹೆಂಡರ್ಸನ್ ಎಂಬುವರು ಮೊದಲು ವರ್ಣಿಸಿದರು. ಆಮೇಲೆ ಸುಮಾರು ಎಪ್ಪತ್ತು ವರ್ಷ ವಿಜ್ಞಾನಿಗಳ ಕಣ್ಣಿಗೆ ಅದು ಬೀಳಲೇ ಇಲ್ಲ. 1982ರಲ್ಲಿ ಕೇರಳದ ಕಾಡಿನಲ್ಲಿ ಅದನ್ನು ಮತ್ತೆ ಪತ್ತೆ ಮಾಡಿದವರು ವಿಜಯಾ, ಆಗಿನ್ನೂ ಚಿಕ್ಕ ವಯಸ್ಸು. ಬಹಳ ಕಾಲ ಆ ಆಮೆಯನ್ನು ಮಲೇಷ್ಯಾದ ಮುಳ್ಳಾಮೆಯ ಕುಲಕ್ಕೇ, ಅಂದರೆ ಹಿಯೋಸೆಮಿಸ್‌ಗೆ, ಸೇರಿಸಿದ್ದರು. 2006ರಲ್ಲಿ ಅದು ಬೇರೆಯದೇ ಕುಲ ಅಂತ ತೀರ್ಮಾನವಾಗಿ ವಿಜಯಕೆಲಿಸ್ ಅಂತ ಹೆಸರಿಟ್ಟರು, ಅವರ ನೆನಪಿಗೆ. ಅದು ಪೂರ್ತಿ ಕಾಡಿನ ನೆಲದ ಮೇಲೇ ಬದುಕುತ್ತದೆ, ಆದರೂ ನೆಲದ ಆಮೆಗಳ ಕುಟುಂಬಕ್ಕೆ ಸೇರಿದ್ದಲ್ಲ. ನೆಲದಲ್ಲಿ ನಡೆಯುವುದೆಲ್ಲ ನೆಲದ ಆಮೆ ಅಲ್ಲ ಅನ್ನುವುದಕ್ಕೆ ನಮ್ಮ ಮನೆಯ ಉದಾಹರಣೆ.

ಕೀಲಿನ ವಿಷಯಕ್ಕೆ ಬರ್ತೀನಿ, ಯಾಕಂದರೆ ನನಗೆ ಇದು ತುಂಬಾ ಇಷ್ಟದ ಭಾಗ. ಮುಚ್ಚಿಕೊಳ್ಳುವ ಉಪಾಯವನ್ನು ಆಮೆಗಳು ಒಂದಲ್ಲ, ಹಲವು ಸಲ ಬೇರೆ ಬೇರೆಯಾಗಿ ಕಂಡುಕೊಂಡಿವೆ. ಏಷ್ಯಾದ ಕುವೋರಾಗಳಲ್ಲಿ ಹೊಟ್ಟೆಯ ಚಿಪ್ಪಿನ ನಡುವೆ ಕೀಲು. ಅಮೆರಿಕದ ಪೆಟ್ಟಿಗೆ ಆಮೆ ಬೇರೆಯದೇ ಕುಟುಂಬ, ಅದಕ್ಕೂ ಅಂಥದೇ ಕೀಲು, ಆದರೆ ಎರಡೂ ಒಂದನ್ನೊಂದು ನೋಡಿ ಕಲಿತದ್ದಲ್ಲ, ಒಬ್ಬ ಪೂರ್ವಜನಿಂದ ಪಡೆದದ್ದೂ ಅಲ್ಲ. ಆಫ್ರಿಕಾದ ಕಿನಿಕ್ಸಿಸ್ ಆಮೆಗೆ ಕೀಲು ಇರುವುದು ಬೆನ್ನಿನ ಚಿಪ್ಪಿನ ಹಿಂಭಾಗದಲ್ಲಿ, ಹಿಂಬಾಗಿಲು ಮಾತ್ರ ಹಾಕಿಕೊಳ್ಳುತ್ತದೆ. ನಮ್ಮ ಕೆರೆಗಳ ಮೆತ್ತನೆ ಚಿಪ್ಪಿನ ಆಮೆ ಲಿಸೆಮಿಸ್ ಹಿಂಗಾಲುಗಳನ್ನು ಎರಡು ಚರ್ಮದ ಪರದೆಯಿಂದ ಮುಚ್ಚಿಕೊಳ್ಳುತ್ತದೆ. ಮಲೇಷ್ಯಾದ ಪೆಟ್ಟಿಗೆ ಆಮೆಯ ಉಪಜಾತಿಗೆ ಕಮರೋಮ ಅಂತ 1991ರಲ್ಲಿ ಹೆಸರಿಟ್ಟರು. ಗ್ರೀಕ್ ಪದ, ಕಮಾನು ಅಂತ ಅರ್ಥ. ಬೆನ್ನು ಎತ್ತರವಾಗಿರುವುದರಿಂದಲೇ ಒಳಗೆ ತಲೆ, ಕಾಲು ಎಲ್ಲವನ್ನೂ ಮಡಚಿಟ್ಟುಕೊಳ್ಳಲು ಜಾಗ. ಕಂದು ನೆಲ ಆಮೆ ಅಂತ ಮೋಸ ಹೋಗಿದ್ದೂ ಇದೇ ಎತ್ತರದ ಬೆನ್ನಿನಿಂದ. ಅಂದ ಹಾಗೆ, ಮುಚ್ಚಿಕೊಂಡಾಗ ಬಾಯಿ ಬಿಡಿಸಲು ಬೆರಳು ಹಾಕಬೇಡಿ. ಬೆರಳು ಸಿಕ್ಕಿಕೊಂಡರೆ ಆಮೆಗೆ ಅವಸರವಿಲ್ಲ.

ನಾಯಿ, ಉಡ, ಇವುಗಳ ವಿರುದ್ಧ ಈ ಪೆಟ್ಟಿಗೆ ಸಾಕಾಗಬಹುದು. ಮನುಷ್ಯನ ಕೈಗೆ ಇದು ಉಲ್ಟಾ ಅನುಕೂಲ: ಮುಚ್ಚಿಕೊಂಡು ಕೂತ ಆಮೆಯನ್ನು ಎತ್ತಿ ಚೀಲಕ್ಕೆ ಹಾಕುವುದಕ್ಕಿಂತ ಸುಲಭ ಇನ್ನೊಂದಿಲ್ಲ. ಮಾಂಸಕ್ಕೆ, ಔಷಧಿ ಹೆಸರಿನಲ್ಲಿ, ಸಾಕುವುದಕ್ಕೆ ಅಂತ ಲೆಕ್ಕವಿಲ್ಲದಷ್ಟು ಪೆಟ್ಟಿಗೆ ಆಮೆಗಳು ಆಗ್ನೇಯ ಏಷ್ಯಾದಿಂದ ಹೋಗಿವೆ. 2000ದಿಂದ ಇದರ ಅಂತಾರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಹಿಂದೆ ಗದ್ದೆ, ಹಳ್ಳ, ಎಲ್ಲೆಲ್ಲೂ ಕಾಣುತ್ತಿದ್ದ ಈ ಆಮೆ ಇವತ್ತು ಅಳಿವಿನಂಚಿನ ಪಟ್ಟಿಯಲ್ಲಿದೆ. ಹೆಣ್ಣು ಒಮ್ಮೆಗೆ ಇಡುವುದು ಬೆರಳೆಣಿಕೆಯ ಮೊಟ್ಟೆ. ದೊಡ್ಡದಾಗಲು ವರ್ಷಗಳು ಬೇಕು. ಆದ್ದರಿಂದ ಒಂದು ಬೆಳೆದ ಹೆಣ್ಣನ್ನು ತೋಟದಿಂದ ತೆಗೆದರೆ ಆ ತೋಟದ ಮುಂದಿನ ಎಷ್ಟೋ ವರ್ಷಗಳ ಮರಿಗಳನ್ನು ತೆಗೆದ ಹಾಗೆ.

ಇದು ಹೆಣ್ಣಾ? ನಾಲ್ಕನೇ ಫೋಟೋದಲ್ಲಿ ಹೊಟ್ಟೆ ಹಳದಿ, ಕಪ್ಪು ಮಚ್ಚೆ, ಮತ್ತು ಸಪಾಟು. ಗಂಡಾಗಿದ್ದರೆ ತುಸು ಒಳಕ್ಕೆ ತಗ್ಗಾಗಿರುತ್ತದೆ, ಬಾಲ ಉದ್ದ, ದಪ್ಪ. ಹೆಣ್ಣಿರಬಹುದು ಅಂದೆ. ವಯಸ್ಸು ಎಷ್ಟು ಅಂತ ಅವರ ಮಗ ಕೇಳಿದ. ಚಿಪ್ಪಿನ ಉಂಗುರ ಎಣಿಸಿದರೆ ಗೊತ್ತಾಗುತ್ತೆ ಅಂತ ಎಲ್ಲೋ ಓದಿದ್ದನಂತೆ. ಮರದ ಹಾಗೆ ಅಲ್ಲ ಕಣಪ್ಪ ಇದು. ವರ್ಷಕ್ಕೆ ಎರಡು ಉಂಗುರ ಬರಬಹುದು, ಬಾರದೇ ಇರಬಹುದು, ಹಳೆಯ ಆಮೆಯಲ್ಲಿ ಸವೆದೇ ಹೋಗಿರುತ್ತವೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಇದು ಕಾಡಿನದ್ದಾ, ಯಾರಾದರೂ ಸಾಕಿ ಬಿಟ್ಟಿದ್ದಾ? ಸಾಕಿದ್ದಾದರೆ ಕೊಕ್ಕು ಅತಿಯಾಗಿ ಬೆಳೆದಿರಬಹುದು, ಚಿಪ್ಪಿನ ಅಂಚಿನಲ್ಲಿ ದಾರ ಕಟ್ಟಲು ತೂತು ಇರಬಹುದು, ಬಣ್ಣದ ಬರಹ ಇರಬಹುದು, ಮನುಷ್ಯರನ್ನು ಕಂಡರೆ ತಿನ್ನಲು ಕೇಳುತ್ತಾ ಹತ್ತಿರ ಬರಬಹುದು. ಇದರ ಚಿಪ್ಪಿನ ಮೇಲೆ ಹಳೆಯ ಗೀರುಗಳು, ಸಂದುಗಳಲ್ಲಿ ಪಾಚಿ, ಹಿಂಗಾಲ ಬುಡದಲ್ಲಿ ಒಂದು ಜಿಗಣೆ. ಬಣ್ಣ ಅಂತ ಇದ್ದರೆ ಅತ್ತೆಯವರ ಕುಂಕುಮ ಮಾತ್ರ. ಮನೆಯ ಹಿಂದೆ ಏನಿದೆ ಅಂತ ಕೇಳಿದೆ. “ಲೊಂಗ್‌ಕಾಂಗ್, ಅದರಾಚೆ ತಾಳೆ ತೋಟ” ಅಂದರು. ಲೊಂಗ್‌ಕಾಂಗ್ ಅಂದರೆ ಅಲ್ಲಿನ ಮಳೆನೀರಿನ ಕಾಂಕ್ರೀಟ್ ಚರಂಡಿ. ಚಿತ್ರ ಪೂರ್ತಿಯಾಯಿತು. ತಾಳೆ ತೋಟದ ಸಾಲುಗಳ ನಡುವಿನ ನೀರಿನ ಕಾಲುವೆಗಳಲ್ಲಿ ಈ ಆಮೆ ಬದುಕುತ್ತದೆ. ಜೋರು ಮಳೆಗೆ ಹೊರಬಿದ್ದಿದೆ, ಹಣ್ಣು, ಅಣಬೆ, ಎರೆಹುಳು ಹುಡುಕುತ್ತಲೋ, ಮೊಟ್ಟೆಗೆ ಜಾಗ ಹುಡುಕುತ್ತಲೋ.

ಈಗ ಆ ಮೂರು ಸಲಹೆಗಳನ್ನು ನೋಡಿ. ಮನೆಯಲ್ಲೇ ಇಟ್ಟುಕೊಂಡರೆ ಒಂದು ಹೆಣ್ಣು ಆ ತೋಟಕ್ಕೆ ಇಲ್ಲವಾದ ಹಾಗೆ, ಅಲ್ಲದೆ ಕಾನೂನಿನ ತೊಡಕು ಬೇರೆ. ದೂರದ ಬೆಟ್ಟಕ್ಕೆ ಬಿಟ್ಟರೆ? ಅದು ತಗ್ಗಿನ ನೀರಿನ ಆಮೆ, ಬೆಟ್ಟದ್ದಲ್ಲ. ಆಮೆಗೆ ತನ್ನ ನೀರು, ತನ್ನ ದಾರಿ, ತನ್ನ ಹಣ್ಣಿನ ಮರ ಗೊತ್ತಿರುತ್ತದೆ. ಗೊತ್ತಿಲ್ಲದ ಕಡೆ ಬಿಟ್ಟರೆ ಬಂದ ದಾರಿ ಹುಡುಕುತ್ತಾ ರಸ್ತೆಗೆ ಬರುತ್ತದೆ. ಕೆರೆಯ ಆಳಕ್ಕೆ ಎಸೆಯುವುದೂ ಬೇಡ, ಬೆಳೆದ ಪೆಟ್ಟಿಗೆ ಆಮೆಗೆ ಬೇಕಾದ್ದು ಆಳವಿಲ್ಲದ, ಸುಲಭವಾಗಿ ದಡ ಹತ್ತುವ ನೀರು. ಪೆನಾಂಗ್‌ನ ಕೆಕ್ ಲೋಕ್ ಸಿ ದೇವಾಲಯದಲ್ಲಿ ಆಮೆಗಳ ದೊಡ್ಡ ಕೊಳವಿದೆ, ಪುಣ್ಯಕ್ಕೆ ಅಂತ ಜನ ತಂದು ಬಿಡುವ ಸಂಪ್ರದಾಯ. ನಮ್ಮ ಕಲ್ಯಾಣಿಗಳಲ್ಲೂ ಇದೇ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೇರೆ ಬೇರೆ ಜಾತಿಯವನ್ನು ಒಂದೇ ಕೊಳಕ್ಕೆ ತುಂಬಿದರೆ ರೋಗ ಹಬ್ಬುತ್ತದೆ, ನೆಲದ ಆಮೆ ಮುಳುಗುತ್ತದೆ.

“ಹಾಗಾದರೆ ಎಲ್ಲಿಗೆ?” ಅಂದರು. ಸಿಕ್ಕ ಜಾಗದಿಂದ ಇಪ್ಪತ್ತು ಹೆಜ್ಜೆ ಆಚೆಗೆ. ಚರಂಡಿ ದಾಟಿಸಿ, ತೋಟದ ಅಂಚಿನ ಕಾಲುವೆಯ ಪಕ್ಕ, ಪೊದೆಯ ನೆರಳಲ್ಲಿ, ಸಂಜೆ ಹೊತ್ತಿಗೆ. ನಿಜವಾದ ಅಪಾಯ ಆ ಲೊಂಗ್‌ಕಾಂಗ್. ನುಣುಪು ಗೋಡೆ, ಬಿದ್ದ ಆಮೆ ಹತ್ತಲಾರದು, ಮುಂದಿನ ಮಳೆಗೆ ಕೊಚ್ಚಿ ಹೋಗುತ್ತದೆ. ಒಂದು ಒರಟು ಹಲಗೆಯನ್ನು ಇಳಿಜಾರಾಗಿ ಇಟ್ಟರೆ ಆಮೆ ಮಾತ್ರವಲ್ಲ, ಕಪ್ಪೆಯೂ ಹತ್ತುತ್ತದೆ. ಹಲಗೆ ಕೊಚ್ಚಿ ಹೋಗದಂತೆ ಕಟ್ಟಿ, ನೀರಿಗೆ ಅಡ್ಡವಾಗದಂತೆ ನೋಡಿಕೊಳ್ಳಿ.

ಆದರೆ ಅದೇ ಹಿತ್ತಲಲ್ಲಿ ಬೆನ್ನ ಮೇಲೆ ನಕ್ಷತ್ರ ಇರುವ ಆಮೆ ಸಿಕ್ಕಿದ್ದರೆ ನನ್ನ ಉತ್ತರ ಪೂರ್ತಿ ಬೇರೆ. ಸಿಗುವುದು ಅಸಾಧ್ಯವೇನಲ್ಲ. 2017ರ ಮೇ ತಿಂಗಳಲ್ಲಿ ಅದೇ ಪಕ್ಕದ ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಮಲೇಷ್ಯಾದ ಕಸ್ಟಮ್ಸ್ 330 ಆಮೆ ಹಿಡಿಯಿತು. ಐದು ಮಡಗಾಸ್ಕರ್‌ನ ಅತಿ ಅಪರೂಪದ ನೇಗಿಲಾಮೆ, 325 ಭಾರತದ ನಕ್ಷತ್ರ ಆಮೆ ಅಂತ ಅವರು ಹೇಳಿದರು. ಬಂದದ್ದು ಮಡಗಾಸ್ಕರ್‌ನಿಂದ! 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೋಗುತ್ತಿದ್ದವು. 2019ರಲ್ಲಿ ಸೈಟಿಸ್ ಇದನ್ನು ಮೊದಲನೇ ಅನುಬಂಧಕ್ಕೆ ಏರಿಸಿತು, ಅಂದರೆ ಕಾಡಿನಿಂದ ಹಿಡಿದು ದೇಶ ದಾಟಿಸಿ ಮಾರುವುದು ಪೂರ್ತಿ ಬಂದ್.

ಅಂಥದ್ದು ಸಿಕ್ಕರೆ ಅಲ್ಲೇ ಹೊರಗೆ ಬಿಡಬಾರದು. ಒಣ ಪೆಟ್ಟಿಗೆ, ತಟ್ಟೆಯಲ್ಲಿ ತೆಳು ನೀರು, ಮತ್ತು ಅಲ್ಲಿನ ವನ್ಯಜೀವಿ ಇಲಾಖೆಗೆ, ಪೆರ್ಹಿಲಿತಾನ್ ಅಂತಾರೆ, ಫೋನ್. ವಾಪಸ್ ಊರಿಗೆ ಬರುವ ದಾರಿಯೂ ಇದೆ. 2018ರ ನವೆಂಬರ್‌ನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಆದರೆ ಬಂದ ಕೂಡಲೇ ಕಾಡಿಗೆ ಬಿಡುವ ಹಾಗಿಲ್ಲ. ರೋಗ ಇದೆಯೇ ನೋಡಬೇಕು. ಯಾವ ಕಾಡು ಅನ್ನುವುದು ಇನ್ನೂ ಕಷ್ಟ: ಗುಜರಾತ್ ಕಡೆಯವು, ದಕ್ಷಿಣದವು, ಶ್ರೀಲಂಕಾದವು ನೋಡಲು ಹೋಲುತ್ತವೆ, ಒಳಗೆ ಒಂದೇ ಅಲ್ಲ. ಹಿಂದೊಮ್ಮೆ ಸಿಂಗಾಪುರದಿಂದ ಹೀಗೇ ಮರಳಿ ಬಂದವುಗಳ ಡಿಎನ್‌ಎ ಪರೀಕ್ಷಿಸಿ, ಅವು ಎಲ್ಲಿಯವು ಅಂತ ಹುಡುಕುವ ಕೆಲಸವನ್ನು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮಾಡಿ 2006ರಲ್ಲಿ ಪ್ರಕಟಿಸಿದರು. ಕೆಲವೊಮ್ಮೆ ಗುರುತಿಸುವ ಕೆಲಸ ಜಾತಿಯ ಹೆಸರಿಗೆ ಮುಗಿಯುವುದಿಲ್ಲ.

ನಿಲಾಯ್‌ನಲ್ಲಿ ಮುಗಿಯಿತು. ಅವತ್ತು ಸಂಜೆ ಅತ್ತೆಯೇ ಕೈಯಾರೆ ಒಯ್ದು ಬಿಟ್ಟರಂತೆ. ಸ್ವಲ್ಪ ಹೊತ್ತು ಡಬ್ಬಿಯ ಹಾಗೇ ಕೂತಿತ್ತು, ಆಮೇಲೆ ಮೂರು ಹಳದಿ ಗೆರೆಯ ಮೂಗು ಹೊರಬಂತು, ಕಾಲುವೆಗೆ ಇಳಿಯಿತು. ಮಳೆ ಬಂದ ಮರುದಿನ ಬೆಳಗ್ಗೆ ಅತ್ತೆ ಹಿತ್ತಲಲ್ಲಿ ಪಪ್ಪಾಯಿ ಚೂರು ಇಡುತ್ತಿದ್ದಾರೆ, ತಿನ್ನುತ್ತಿರುವುದು ಆಮೆಯೋ ಇಲಿಯೋ ಅಂತ ಮೊಮ್ಮಗನಿಗೆ ಅನುಮಾನ.

ನಿಮ್ಮ ಅಂಗಳಕ್ಕೆ ಆಮೆ ಬಂದರೆ ನಮಗೆ ಕಳಿಸಿ: ಮೇಲಿನಿಂದ ಒಂದು, ಮುಖದ ಪಕ್ಕದಿಂದ ಒಂದು, ಹಿಂಗಾಲು ಒಂದು, ಹೊಟ್ಟೆ ಒಂದು, ಪಕ್ಕದಲ್ಲಿ ಸ್ಕೇಲ್. ಮನೆಯ ಹಿಂದೆ ಏನಿದೆ ಅಂತಲೂ ಬರೆಯಿರಿ. ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ.